ಊರ ಹೊರಗೆ ನಿಂತ ಪ್ರಭು



ಸಂತ ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದ ಕೊನೆಯಲ್ಲಿ ಒಬ್ಬ ಕುಷ್ಠರೋಗಿಯ ಪ್ರಸಂಗವಿದೆ. ನಾವೆಲ್ಲರೂ ಅದನ್ನು ಎಷ್ಟೋ ಸಲ ಕೇಳಿದ್ದೇವೆ. ರೋಗಿ ಬಂದು ಮೊಣಕಾಲೂರಿ ಬೇಡುತ್ತಾನೆ. ಯೇಸುಸ್ವಾಮಿ ಕನಿಕರಪಟ್ಟು ಕೈಚಾಚಿ ಅವನನ್ನು ಮುಟ್ಟುತ್ತಾರೆ. ಅವನು ಗುಣಹೊಂದುತ್ತಾನೆ. ಸಾಮಾನ್ಯವಾಗಿ ನಮ್ಮ ಗಮನ ಇಲ್ಲಿಗೇ ನಿಂತುಬಿಡುತ್ತದೆ. ಆದರೆ ಈ ಪ್ರಸಂಗದ ಕೊನೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ.

ಮೊದಲನೆಯದು, ಗುಣಹೊಂದಿದವನನ್ನು ಯೇಸು ನೇರವಾಗಿ ಮನೆಗೆ ಕಳುಹಿಸಲಿಲ್ಲ. ಯಾಜಕನ ಬಳಿಗೆ ಹೋಗಿ ಮೈ ತೋರಿಸು, ಮೋಶೆಯ ನಿಯಮದಂತೆ ನಡೆದುಕೋ ಎಂದು ಅಪ್ಪಣೆ ಮಾಡಿದರು. ಆ ನಿಯಮ ಯಾಜಕಕಾಂಡದ ಹದಿಮೂರು ಮತ್ತು ಹದಿನಾಲ್ಕನೆಯ ಅಧ್ಯಾಯಗಳಲ್ಲಿದೆ. ಚರ್ಮದ ಮೇಲೆ ಸಂಶಯದ ಗುರುತು ಕಂಡವನನ್ನು ಏಳು ದಿನ ಬೇರೆ ಇರಿಸಬೇಕು, ಏಳನೆಯ ದಿನ ಮತ್ತೆ ಪರೀಕ್ಷಿಸಬೇಕು, ಬೇಕಾದರೆ ಇನ್ನೂ ಏಳು ದಿನ ಇರಿಸಬೇಕು. ರೋಗ ಖಚಿತವಾದರೆ ಅವನು ಪಾಳೆಯದ ಹೊರಗೆ ಒಬ್ಬನೇ ವಾಸಮಾಡಬೇಕು.

ಎರಡನೆಯದು, ಆ ಮನುಷ್ಯನು ಸುಮ್ಮನಿರಲಾರದೆ ಊರೆಲ್ಲ ಸಾರಿದ್ದರಿಂದ ಯೇಸುಸ್ವಾಮಿಗೆ ಬಹಿರಂಗವಾಗಿ ಊರೊಳಗೆ ಬರಲು ಆಗದೆಹೋಯಿತು. ಅವರು ಹೊರಗೆ ನಿರ್ಜನ ಸ್ಥಳಗಳಲ್ಲಿ ಇರಬೇಕಾಯಿತು. ಇಲ್ಲಿ ಸ್ಥಾನಗಳು ಅದಲುಬದಲಾದವು. ಹೊರಗಿದ್ದ ರೋಗಿ ಒಳಗೆ ಬಂದನು, ಒಳಗಿದ್ದ ಪ್ರಭು ಹೊರಗೆ ಹೋದರು. ಒಬ್ಬನನ್ನು ಮುಟ್ಟಿದ್ದಕ್ಕೆ ಪ್ರಭು ಕೊಟ್ಟ ಬೆಲೆ ಅದು. ಮುಂದೆ ಶಿಲುಬೆಯನ್ನು ಹೊತ್ತು ಪಟ್ಟಣದ ಬಾಗಿಲಾಚೆ ಪ್ರಾಣಕೊಟ್ಟಾಗಲೂ ಅವರು ಕೊಟ್ಟದ್ದು ಇದೇ ಬೆಲೆಯನ್ನು.

ನಿಯಮಕ್ಕೆ ತಲೆಬಾಗುವುದು ಒಂದು, ಹೊರಗೆ ನಿಂತವನ ಪಕ್ಕಕ್ಕೆ ಹೋಗಿ ನಿಲ್ಲುವುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ಕೋವಿಡ್ ಕಾಲವು ನಮ್ಮಂಥ ಸಣ್ಣ ಧರ್ಮಕೇಂದ್ರಗಳನ್ನು ಕೇಳಿತು. ಆ ಪ್ರಶ್ನೆಗೆ ನಾವಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಆದ್ದರಿಂದ ವರ್ಷಗಳು ಕಳೆದ ಮೇಲೂ ಅದನ್ನು ನೆನೆಯುವುದು ಅಗತ್ಯ.

ಮುಳ್ಳಿನ ಬೇಲಿಯ ಆಚೆ

ಆ ದಿನಗಳನ್ನು ಸ್ವಲ್ಪ ಜ್ಞಾಪಿಸಿಕೊಳ್ಳೋಣ. 2020ರ ಮಾರ್ಚ್ 10ರಂದು ನಮ್ಮ ನೆರೆಯ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಅದು ನಮ್ಮ ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವೆಂದು ಎರಡು ದಿನಗಳ ತರುವಾಯ ಖಚಿತವಾಯಿತು. ದೂರದ ಚೀನಾದ ಸುದ್ದಿಯಾಗಿದ್ದದ್ದು ಒಮ್ಮೆಲೇ ಸಿಂದಗಿಯ ಗಡಿಯಾಚೆಯ ಸುದ್ದಿಯಾಯಿತು. 1897ರಲ್ಲಿ ಪ್ಲೇಗನ್ನು ತಡೆಯಲು ಬ್ರಿಟಿಷರು ಮಾಡಿದ್ದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಸರಕಾರ ಮತ್ತೆ ಕೈಗೆತ್ತಿಕೊಂಡಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಏಪ್ರಿಲ್ 5ರ ಗರಿಗಳ ಭಾನುವಾರ ಗರಿಗಳಿಲ್ಲದೆ ಕಳೆಯಿತು. ಏಪ್ರಿಲ್ 12ರ ಪಾಸ್ಖ ಹಬ್ಬದಂದು ಗುರುಗಳು ಖಾಲಿ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸಿದರು. ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅನುಮತಿ ದೊರೆಯಿತು. ಅದೂ ಮುಖಗವಸು, ಅಂತರ, ಸ್ಯಾನಿಟೈಸರುಗಳ ಜೊತೆಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನಕ್ಕೆ ಲಾಕ್‌ಡೌನ್ ಎಂದರೆ ಮನೆಯಲ್ಲಿ ಕುಳಿತುಕೊಳ್ಳುವುದಷ್ಟೇ ಆಗಿರಲಿಲ್ಲ. ಭೀಮೆಯೂ ಕೃಷ್ಣೆಯೂ ಗಡಿಯಲ್ಲಿ ಹರಿದರೂ ಮಳೆಯನ್ನೇ ನಂಬಿದ ಹೊಲಗಳು ಇಲ್ಲಿ ಬಹಳ. ಜೋಳದ ರಾಶಿ ಮುಗಿದ ಮೇಲೆ ಗೋವಾ, ಮುಂಬಯಿ, ಪುಣೆ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ! ತಾಂಡಾಗಳಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿಯುವ ತಿಂಗಳುಗಳಿವೆ. ಹೀಗೆ ಹೋದವರು ಕೆಲಸ ನಿಂತು, ಕೂಲಿ ನಿಂತು, ಮೇ ತಿಂಗಳಲ್ಲಿ ಊರ ಕಡೆ ತಿರುಗಿದರು. ಬಂದರೆ ಊರ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಬೇಲಿ! ಸರಕಾರಿ ಶಾಲೆಗಳಲ್ಲಿ, ವಸತಿ ನಿಲಯಗಳಲ್ಲಿ ಅವರನ್ನು ಕ್ವಾರಂಟೈನ್‌ನಲ್ಲಿ ಇರಿಸಲಾಯಿತು. ತಾನು ಅಕ್ಷರ ಕಲಿತ ಶಾಲೆಯ ಕೋಣೆಯಲ್ಲಿಯೇ ಮಲಗಿ, ಕಿಟಕಿಯಿಂದ ತನ್ನ ಮನೆಯ ಮಾಳಿಗೆಯನ್ನು ನೋಡುತ್ತಾ ದಿನ ಎಣಿಸಿದ ಯುವಕರಿದ್ದಾರೆ.

ಬೇಲಿ ಹಾಕಿದವರನ್ನು ನಿಂದಿಸುವುದು ಸುಲಭ. ಅವರಿಗೂ ಮನೆಯಲ್ಲಿ ಮುದಿ ತಂದೆತಾಯಿಗಳಿದ್ದರು, ಅವರಿಗೂ ಭಯವಿತ್ತು. ಬೇರೆ ಇರಿಸುವುದು ಆ ಕಾಲಕ್ಕೆ ಅವಶ್ಯವೂ ಆಗಿತ್ತು. ಆದರೆ ಬೇರೆ ಇರಿಸುವುದು ಬೇರೆ, ಬೇರೆಯವನೆಂದು ಕಾಣುವುದು ಬೇರೆ. ರೋಗವನ್ನು ದೂರವಿಡಲು ಹಾಕಿದ ಬೇಲಿ ನಮಗೆ ತಿಳಿಯದಂತೆಯೇ ಮನುಷ್ಯನನ್ನು ದೂರವಿಡುವ ಬೇಲಿಯಾಗಿಬಿಡುತ್ತದೆ. ಪಾಳೆಯದ ಹೊರಗೆ ಯಾರಿದ್ದಾರೋ ಅಲ್ಲಿಯೇ ಪ್ರಭು ನಿಂತಿದ್ದಾರೆಂದು ಮಾರ್ಕನು ನಮಗೆ ಕಲಿಸಿಲ್ಲವೇ? ಹಾಗಾದರೆ ಆ ಮೇ ತಿಂಗಳ ಬಿಸಿಲಿನಲ್ಲಿ ಪ್ರಭು ಎಲ್ಲಿದ್ದರು? ಬೀಗ ಹಾಕಿದ ನಮ್ಮ ದೇವಾಲಯದ ಪ್ರಸಾದ ಪೆಟ್ಟಿಗೆಯಲ್ಲಿ ಇದ್ದರು, ನಿಜ. ಊರಾಚೆಯ ಆ ಶಾಲೆಯ ಕೋಣೆಯಲ್ಲಿಯೂ ಇದ್ದರು.

ಬೀಗ ಹಾಕಿದ್ದು ಅವಿಶ್ವಾಸವೇ?

“ಫಾದರ್, ಗುಡಿ ಬಾಗ್ಲಾ ಹಾಕಿದ್ರ ನಮ್ಮ ಕಷ್ಟ ಯಾರ ಮುಂದ ಹೇಳೂದ್ರಿ?” ಎಂದು ಒಬ್ಬ ಮುದುಕಿ ಆ ದಿನಗಳಲ್ಲಿ ಕೇಳಿದ್ದರು. ಪ್ರಶ್ನೆ ಸರಳವಾದರೂ ಅದರ ಹಿಂದೆ ದೊಡ್ಡ ನೋವಿತ್ತು. ಇನ್ನು ಕೆಲವರು ಇನ್ನೂ ಕಟುವಾಗಿ ಕೇಳಿದರು: ದೇವರಲ್ಲಿ ನಂಬಿಕೆ ಇದ್ದರೆ ರೋಗಕ್ಕೆ ಅಂಜುವುದೇಕೆ? ದೇವಾಲಯ ಮುಚ್ಚುವುದು ಅವಿಶ್ವಾಸವಲ್ಲವೇ?

ಇದಕ್ಕೆ ಉತ್ತರವನ್ನು ಯೇಸುಸ್ವಾಮಿಯೇ ಅರಣ್ಯದ ಶೋಧನೆಯಲ್ಲಿ ಕೊಟ್ಟಿದ್ದಾರೆ. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಸೈತಾನನು ಶ್ರೀಗ್ರಂಥವನ್ನೇ ಮುಂದಿಟ್ಟು ಪುಸಲಾಯಿಸಿದನು. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂದರು. ವಿಶ್ವಾಸಕ್ಕೂ ದುಸ್ಸಾಹಸಕ್ಕೂ ಇರುವ ವ್ಯತ್ಯಾಸ ಇದೇ. ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಮುಖ್ಯ ಸದ್ಗುಣಗಳಲ್ಲಿ ಒಂದಾಗಿ ಎಣಿಸಿ, ಉಳಿದ ಸದ್ಗುಣಗಳಿಗೆ ದಾರಿ ತೋರಿಸುವ ಕೆಲಸವನ್ನು ಅದಕ್ಕೆ ಕೊಟ್ಟಿದ್ದಾರೆ. ವಿವೇಕವಿಲ್ಲದ ಧೈರ್ಯ ಹುಂಬತನವಾದೀತು. ನನ್ನ ಭಕ್ತಿಯ ಬೆಲೆಯನ್ನು ಪಕ್ಕದ ಬೆಂಚಿನ ಮುದುಕ ತನ್ನ ಪ್ರಾಣದಿಂದ ತೆರಬೇಕಾದರೆ ಅದು ಭಕ್ತಿಯಾಗಲಾರದು.

ಧರ್ಮಸಭೆಗೆ ಇದು ಹೊಸ ಪಾಠವೂ ಅಲ್ಲ. 1576ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ಬಂದಾಗ ಜನರು ಮನೆಬಿಟ್ಟು ಹೊರಗೆ ಬರುವಂತಿರಲಿಲ್ಲ. ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಬೀದಿಗಳ ಕೂಡುದಾರಿಗಳಲ್ಲಿ ಪೀಠಗಳನ್ನು ಹಾಕಿಸಿ ಬಲಿಪೂಜೆ ಏರ್ಪಡಿಸಿದರು. ಜನ ತಮ್ಮ ಕಿಟಕಿಗಳಲ್ಲಿ ನಿಂತು ಭಾಗವಹಿಸಿದರು. ಗಂಟೆ ಬಾರಿಸಿದಾಗ ಮನೆಮನೆಯಲ್ಲಿ ಪ್ರಾರ್ಥನೆ ಏಳುತ್ತಿತ್ತು. ಅವರು ಜನರನ್ನು ಗುಂಪುಗೂಡಿಸಲಿಲ್ಲ, ಒಂಟಿಯಾಗಿಯೂ ಬಿಡಲಿಲ್ಲ. ತಮ್ಮ ಅರಮನೆಯ ಪರದೆಗಳನ್ನು ಇಳಿಸಿ ಬಡವರಿಗೆ ಬಟ್ಟೆ ಹೊಲಿಸಿಕೊಟ್ಟರು, ರೋಗಿಗಳ ಬಳಿಗೆ ತಾವೇ ಹೋದರು. ನಿಯಮಕ್ಕೆ ತಲೆಬಾಗುವುದೂ ಹೊರಗಿನವನ ಪಕ್ಕ ನಿಲ್ಲುವುದೂ ಅವರಲ್ಲಿ ಒಂದಾಗಿದ್ದವು.

2020ರ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸರು ಮಳೆ ಸುರಿಯುತ್ತಿದ್ದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತದ್ದನ್ನು ನಮ್ಮಲ್ಲಿ ಅನೇಕರು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಕಂಡಿದ್ದೇವೆ. 1522ರ ಪ್ಲೇಗಿನ ಕಾಲದಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದ್ದ ಶಿಲುಬೆಯನ್ನು ಅಲ್ಲಿಗೆ ತರಿಸಿದ್ದರು. ಬಿರುಗಾಳಿಗೆ ಸಿಕ್ಕಿದ ದೋಣಿಯ ಪ್ರಸಂಗವನ್ನು ಓದಿಸಿ, ನಾವೆಲ್ಲರೂ ಒಂದೇ ದೋಣಿಯ ಪಯಣಿಗರೆಂಬುದನ್ನು ಲೋಕಕ್ಕೆ ನೆನಪಿಸಿದರು. ಆ ಚೌಕದಲ್ಲಿ ಜನರಿರಲಿಲ್ಲ. ಆದರೂ ಅದು ಖಾಲಿಯಾಗಿರಲಿಲ್ಲ.

ಅಂಗಗಳು ದೂರವಾದರೆ ದೇಹ ಉಳಿಯುವುದೇ?

ನಮ್ಮ ಧರ್ಮಕೇಂದ್ರಗಳ ಸ್ಥಿತಿ ಮಿಲಾನ್ ನಗರದಂತಲ್ಲ. ಇಂಡಿಯಿಂದ ಮುದ್ದೇಬಿಹಾಳಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2011ರ ಜನಗಣತಿಯಲ್ಲಿ ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಜನರಿದ್ದ ಈ ಜಿಲ್ಲೆಯಲ್ಲಿ ಕ್ರೈಸ್ತರು ಹಿಟ್ಟಿನೊಳಗಿನ ಹುಳಿಯಷ್ಟೇ. ಒಂದು ಊರಿನಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಎರಡು ಮನೆ. ಇಂಥ ಕಡೆ ಭಾನುವಾರದ ಒಂದು ಗಂಟೆಯೇ ನಮ್ಮನ್ನು ಕಟ್ಟಿಹಾಕಿದ ಹಗ್ಗ. ಅದು ಕಡಿದರೆ ಉಳಿಯುವುದೇನು?

ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಧರ್ಮಸಭೆಯನ್ನು ಒಂದು ದೇಹಕ್ಕೆ ಹೋಲಿಸುತ್ತಾರೆ. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು. ಈ ನಂಟು ಸ್ನಾನದೀಕ್ಷೆಯಿಂದ ಬಂದದ್ದು, ಒಂದೇ ಸೂರಿನಡಿ ಕುಳಿತದ್ದರಿಂದಲ್ಲ. ಆದ್ದರಿಂದ ಸೂರು ಮುಚ್ಚಿದರೂ ಅದು ಕಡಿಯುವುದಿಲ್ಲ. ಸ್ವತಃ ಪೌಲರೇ ಸೆರೆಮನೆಯಲ್ಲಿ ಸಂಕೋಲೆ ತೊಟ್ಟು ಫಿಲಿಪ್ಪಿಯದವರಿಗೆ ಪತ್ರ ಬರೆದರಲ್ಲವೇ? ಕಾಲು ಹೋಗಲಾರದ ಕಡೆ ಕಾಗದ ಹೋಯಿತು. ನಮ್ಮ ಕಾಲದಲ್ಲಿ ಆ ಕೆಲಸವನ್ನು ಫೋನು ಮಾಡಿತು. ಪ್ರತಿ ಸಂಜೆ ಹತ್ತು ಮನೆಗಳಿಗೆ ಫೋನು ಮಾಡಿ “ಊಟ ಆತೇನ್ರಿ? ಆರಾಮ ಇದ್ದೀರೇನ್ರಿ?” ಎಂದು ಕೇಳಿದ ಸಿಸ್ಟರುಗಳೂ ಉಪದೇಶಿಗಳೂ ಪೌಲರ ಕೆಲಸವನ್ನೇ ಮಾಡಿದರು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದಿದೆ. ಎಷ್ಟೋ ವರ್ಷ ಅದು ಉಪನ್ಯಾಸಗಳಲ್ಲಿ ಕೇಳುವ ಮಾತಾಗಿತ್ತು. 2020ರಲ್ಲಿ ಅದು ನಿಜವಾಯಿತು. ತಂದೆ ಶುಭಸಂದೇಶ ಓದಿದನು, ತಾಯಿ ದೀಪ ಹಚ್ಚಿದಳು, ಮಕ್ಕಳು ಜಪಸರದ ಒಂದೊಂದು ರಹಸ್ಯವನ್ನು ಹೇಳಿದರು. ಪರಮಪ್ರಸಾದ ಸಿಗದಿದ್ದಾಗ ಮನದಲ್ಲೇ ಪ್ರಭುವನ್ನು ಸ್ವೀಕರಿಸುವ ಆಧ್ಯಾತ್ಮಿಕ ಪ್ರಸಾದ ಸ್ವೀಕಾರವನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಟ್ಟರು. ಇದು ಸಮಾಧಾನಕ್ಕಾಗಿ ಆಗ ಹುಟ್ಟಿಸಿದ ಪದ್ಧತಿಯಲ್ಲ. 1551ರಲ್ಲಿಯೇ ತ್ರೆಂತ್ ಮಹಾಸಭೆ ಅದನ್ನು ಎತ್ತಿಹೇಳಿತ್ತು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಮೊಬೈಲಿನ ಪೂಜೆ ಹಸಿವನ್ನು ಎಬ್ಬಿಸಬಲ್ಲದು, ಹಸಿವನ್ನು ತೀರಿಸಲಾರದು. ನಮ್ಮ ದೇವರು ಚಿತ್ರವಾಗಿ ಬರಲಿಲ್ಲ, ಮಾಂಸವಾಗಿ ಬಂದರು. ಕುಷ್ಠರೋಗಿಯನ್ನು ಮುಟ್ಟಿಯೇ ಗುಣಪಡಿಸಿದರು, ರೊಟ್ಟಿಯನ್ನು ಮುರಿದೇ ಕೊಟ್ಟರು. ಪರದೇಶಕ್ಕೆ ಹೋದ ಮಗ ಫೋನಿನಲ್ಲಿ ಮುಖ ತೋರಿಸಿದರೆ ತಾಯಿಗೆ ಸಂತೋಷವೇ. ಆದರೆ ಅವನು ಊರಿಗೆ ಬಂದ ಮೇಲೂ ಪಕ್ಕದ ಕೋಣೆಯಿಂದ ಫೋನಿನಲ್ಲೇ ಮಾತಾಡಿದರೆ ಆ ತಾಯಿಗೆ ಏನನ್ನಿಸೀತು? ದೇವಾಲಯದ ಬಾಗಿಲು ತೆರೆದು ವರ್ಷಗಳಾದರೂ ಇನ್ನೂ ಮಂಚದ ಮೇಲೆ ಕುಳಿತು ಪೂಜೆ ನೋಡುವ ಆರೋಗ್ಯವಂತರು ಈ ಮಾತನ್ನು ಪ್ರೀತಿಯಿಂದ ಯೋಚಿಸಲಿ. ಇನ್ನೊಂದು ಸಂಗತಿಯೂ ಇದೆ. ಮೊಬೈಲೇ ಇಲ್ಲದ ಮನೆಗಳು, ನೆಟ್‌ವರ್ಕ್ ಸಿಗದ ತಾಂಡಾಗಳು ಆಗ ನಮ್ಮ ಆನ್‌ಲೈನ್ ಪೂಜೆಯಿಂದ ಹೊರಗುಳಿದವು. ಹೊಸ ಸಾಧನ ಬಂದಾಗಲೆಲ್ಲ ಹೊಸದೊಂದು ಬೇಲಿಯೂ ಏಳುತ್ತದೆ. ಅದರ ಆಚೆ ಯಾರಿದ್ದಾರೆಂದು ನೋಡುವುದು ಧರ್ಮಕೇಂದ್ರದ ಕರ್ತವ್ಯ.

ಎಣ್ಣೆ, ದ್ರಾಕ್ಷಾರಸ ಮತ್ತು ಎರಡು ನಾಣ್ಯ

2020ರ ಅಕ್ಟೋಬರ್ 3ರಂದು ಪೋಪ್ ಫ್ರಾನ್ಸಿಸರು ಅಸ್ಸಿಸಿಯಲ್ಲಿ ಸಹಿಮಾಡಿದ ‘ಫ್ರಾತೆಲ್ಲಿ ತುತ್ತಿ’ ಎಂಬ ವಿಶ್ವಪತ್ರದ ಒಂದು ಇಡೀ ಅಧ್ಯಾಯ ದಯಾಳುವಾದ ಸಮಾರಿಯದವನನ್ನು ಕುರಿತದ್ದು. ಅದೇ ತಿಂಗಳು ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿಗಳ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿತು. ಒಂದು ಕಡೆ ರೋಗ, ಇನ್ನೊಂದು ಕಡೆ ಪ್ರವಾಹ! ಅಂತರ ಕಾಯ್ದುಕೊಳ್ಳಿ ಎಂದು ಹೇಳುತ್ತಿದ್ದವರೇ ಪರಿಹಾರ ಕೇಂದ್ರಗಳಲ್ಲಿ ಜನರನ್ನು ಒಟ್ಟಿಗೆ ಇರಿಸಬೇಕಾಯಿತು.

ಸಮಾರಿಯದವನ ಸೇವೆಯನ್ನು ಗಮನಿಸಿ. ಅವನು ಮರುಗಿ ಮುಂದೆ ಹೋಗಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದನು. ತನ್ನ ಸವಾರಿಯ ಮೇಲೆ ಕೂರಿಸಿ ತಾನು ನಡೆದನು. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂದನು. ಬಿದ್ದವನ ಕುಲವನ್ನು ಕೇಳಲಿಲ್ಲ, ಪ್ರತಿಫಲವನ್ನೂ ಕೇಳಲಿಲ್ಲ. ಕ್ರೈಸ್ತ ಸೇವೆಯ ಲಕ್ಷಣ ಇದೇ. ಅಕ್ಕಿ, ಬೇಳೆ, ಎಣ್ಣೆಯ ಚೀಲವನ್ನು ಕೊಡುವ ಕೈ ಬದಲಿಗೆ ಏನನ್ನಾದರೂ ಬಯಸಿದರೆ ಅದು ವ್ಯಾಪಾರ. ಫೋಟೋ ತೆಗೆಸಿಕೊಳ್ಳಲು ಬಡವನನ್ನು ಬಿಸಿಲಲ್ಲಿ ನಿಲ್ಲಿಸಿದರೆ ಅದೂ ವ್ಯಾಪಾರವೇ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಬಾಳುವ ನಮಗೆ ದಾಸೋಹವೆಂಬ ಪದ ಅಪರಿಚಿತವಲ್ಲ. ನೀಡುವವನು ತಾನು ದಾಸನೆಂದು ತಿಳಿದು ನೀಡಬೇಕೆಂಬುದು ಅದರ ಹುರುಳು. ಶಿಷ್ಯರ ಕಾಲು ತೊಳೆದ ಪ್ರಭುವಿನ ಅನುಯಾಯಿಗಳಿಗೆ ಇದು ಅರ್ಥವಾಗದೆ ಇದ್ದೀತೇ?

ನಮ್ಮ ನಾಡಿನಲ್ಲಿಯೇ ಈ ದಾರಿಯಲ್ಲಿ ನಡೆದವರಿದ್ದಾರೆ. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗು ಬಂದಾಗ ಪ್ಲೇಗಿನ ರೋಗಿಗಳಿಗೇ ಆಸ್ಪತ್ರೆ ಮಾಡಿದರು. ಎಲ್ಲರೂ ಓಡಿಹೋಗುವ ಕಡೆಗೆ ಅವರು ಹೋದರು. ಅವರು ನೆಟ್ಟ ಗಿಡ ಮುಂದೆ ದೊಡ್ಡ ವೈದ್ಯಕೀಯ ಸಂಸ್ಥೆಯಾಗಿ ಬೆಳೆದು ಕೋವಿಡ್ ರೋಗಿಗಳಿಗೂ ನೆರಳಾಯಿತು.

ಆದರೆ ಆ ಸಾಮತಿಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ನಾವು ಯಾವಾಗಲೂ ನಮ್ಮನ್ನು ಸಮಾರಿಯದವನ ಜಾಗದಲ್ಲಿಯೇ ಇಟ್ಟುಕೊಳ್ಳುತ್ತೇವೆ. ಬಿದ್ದವನ ಜಾಗದಲ್ಲಿ ನಿಂತರೆ? ಅವನು ತನ್ನವರಲ್ಲದವರ ಕೈಯಿಂದ ಬದುಕಿದನು. ನಮ್ಮ ಮನೆಬಾಗಿಲಿಗೆ ದಿನವೂ ಬಂದು ಜ್ವರ, ಕೆಮ್ಮು ಕೇಳಿ ಬರೆದುಕೊಂಡ ಆಶಾ ಕಾರ್ಯಕರ್ತೆಯರು ಯಾರು? ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚಿದ್ದ ಆ ಅಕ್ಕತಂಗಿಯರು ಅಲ್ಪ ಗೌರವಧನಕ್ಕೆ ದುಡಿದರು, ಕೆಲವು ಕಡೆ ಬೈಗಳನ್ನೂ ಹೊಡೆತವನ್ನೂ ತಿಂದರು. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಬಂಧುಗಳೇ ಹತ್ತಿರ ಬರಲು ಅಂಜಿದ ಶವಗಳಿಗೆ ಮುಸಲ್ಮಾನ ಯುವಕರೂ ಕ್ರೈಸ್ತ ಯುವಕರೂ ಮತಭೇದವಿಲ್ಲದೆ ಹೆಗಲು ಕೊಟ್ಟರು. ಸಣ್ಣ ಸಮುದಾಯವಾದ ನಾವು ಸೇವೆ ಮಾಡಲು ಎಷ್ಟು ಉತ್ಸುಕರೋ ಸೇವೆಯನ್ನು ಪಡೆದೆವೆಂದು ಒಪ್ಪಿಕೊಳ್ಳಲೂ ಅಷ್ಟೇ ಉತ್ಸುಕರಾಗಿರಬೇಕು. ಅಲ್ಲಿಂದಲೇ ನಿಜವಾದ ನೆರೆತನ ಹುಟ್ಟುತ್ತದೆ.

ಮರಳಿ ಬರುವೆನೆಂದ ಮಾತು

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಮುಖಗವಸುಗಳು ಮೂಲೆ ಸೇರಿದವು. ಆದರೆ ಸಮಾರಿಯದವನು ಮರಳಿ ಬರುವೆನೆಂದು ಹೇಳಿದ್ದನ್ನು ನಾವು ಮರೆಯಬಾರದು. ಗಾಯ ಕಟ್ಟಿದ್ದಕ್ಕೆ ಅವನ ಕೆಲಸ ಮುಗಿಯಲಿಲ್ಲ. ನಮ್ಮ ಕೆಲಸವೂ ಮುಗಿದಿಲ್ಲ. ಪ್ರತಿ ಕುಟುಂಬವೂ ಕೈಗೆತ್ತಿಕೊಳ್ಳಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸಬಯಸುತ್ತೇನೆ.

ಒಂದು, ಆ ಎರಡು ವರ್ಷಗಳಲ್ಲಿ ಗುರುಗಳಿಲ್ಲದೆ, ಅಂತ್ಯಸಂಸ್ಕಾರಗಳಿಲ್ಲದೆ, ನೆರೆದ ಜನರಿಲ್ಲದೆ ಮಣ್ಣಾದವರಿದ್ದಾರೆ. ಮುಖ ನೋಡಲೂ ಆಗದೆ ಉಳಿದ ಹೆಂಡತಿ ಮಕ್ಕಳ ಎದೆಯಲ್ಲಿ ಆ ಕಲ್ಲು ಇನ್ನೂ ಇದೆ. ನವೆಂಬರ್ 2ರ ಸಮಸ್ತ ಮೃತರ ದಿನದಂದು ಅವರ ಹೆಸರು ಹಿಡಿದು ಪ್ರಾರ್ಥಿಸೋಣ. ಅಂದು ಹೋಗಲಾಗದ ಮನೆಗೆ ಇಂದಾದರೂ ಹೋಗಿ ಕುಳಿತು ಬರೋಣ. ಸಾಂತ್ವನಕ್ಕೆ ಕಾಲಾವಧಿ ಇಲ್ಲ.

ಎರಡು, ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಅಕ್ಷರ ಹಿಡಿಯುವ ವಯಸ್ಸಿನಲ್ಲಿ ಕೈತಪ್ಪಿದ ಆ ಪಾಠಗಳಿಂದ ಅನೇಕ ಮಕ್ಕಳು ಹಿಂದೆ ಬಿದ್ದರು, ಕೆಲವರು ಶಾಲೆಯನ್ನೇ ಬಿಟ್ಟರು. ನಿಮ್ಮ ಓಣಿಯಲ್ಲಿ ಅಂಥ ಹುಡುಗನೋ ಹುಡುಗಿಯೋ ಇದ್ದರೆ, ಓದುಬಲ್ಲ ನಿಮ್ಮ ಮಗಳು ಸಂಜೆ ಒಂದು ಗಂಟೆ ಅವರ ಪಕ್ಕ ಕುಳಿತುಕೊಳ್ಳಲಿ.

ಮೂರು, ಧರ್ಮಕೇಂದ್ರದಲ್ಲಿ ಆಗ ಬರೆದಿಟ್ಟ ಫೋನ್ ನಂಬರುಗಳ ಪಟ್ಟಿಯನ್ನು ಎಸೆಯಬೇಡಿ. ಗೋವಾದ ಕಟ್ಟಡದ ಕೆಲಸದಲ್ಲಿ, ಪುಣೆಯ ಶೆಡ್ಡಿನಲ್ಲಿ ಇರುವ ನಮ್ಮವರಿಗೆ ತಿಂಗಳಿಗೊಮ್ಮೆ ಫೋನು ಮಾಡಿ. ಹಾಸಿಗೆ ಹಿಡಿದ ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗಿ. ಅವರಿಗೆ ಲಾಕ್‌ಡೌನ್ ಇನ್ನೂ ಮುಗಿದಿಲ್ಲ.

ನಾಲ್ಕು, ಭಯದಲ್ಲಿ ಆರಂಭಿಸಿದ ಮನೆಯ ಪ್ರಾರ್ಥನೆಯನ್ನು ನೆಮ್ಮದಿಯಲ್ಲಿ ನಿಲ್ಲಿಸಬೇಡಿ. ಊಟಕ್ಕೆ ಮೊದಲು ಐದು ನಿಮಿಷವಾದರೂ ಟಿ.ವಿ. ಆರಿಸಿ ಎಲ್ಲರೂ ಕೂಡಿ ಕುಳಿತುಕೊಳ್ಳಿ. ಮುಂದೆ ಯಾವ ರೋಗ ಯಾವಾಗ ಬಂದೀತೋ ಯಾರು ಬಲ್ಲರು? ದೇವಾಲಯದ ಬಾಗಿಲು ಮತ್ತೆ ಮುಚ್ಚಿದರೂ ಮನೆಯ ದೀಪ ಉರಿಯುತ್ತಿರಲಿ.

ಆ ಮುದುಕಿ ಕೇಳಿದ ಪ್ರಶ್ನೆಗೆ ಇದೇ ಉತ್ತರವೆಂದು ನನಗೆ ತೋರುತ್ತದೆ. ಗುಡಿಯ ಬಾಗಿಲು ಹಾಕಿದಾಗ ನಮ್ಮ ಕಷ್ಟವನ್ನು ಪ್ರಭುವಿನ ಮುಂದೆ ಹೇಳಬಹುದು, ಏಕೆಂದರೆ ಅವರು ಮೊದಲೇ ಹೊರಗೆ ಬಂದು ನಿಂತಿದ್ದಾರೆ. ಪ್ರಭುವಿನ ಕಿವಿಗಳಾಗಿ ಆ ಕಷ್ಟವನ್ನು ಕೇಳಬೇಕಾದವರು ನಾವು.

ಓ ಕರುಣಾಮಯನಾದ ಪ್ರಭುವೇ, ಕುಷ್ಠರೋಗಿಯನ್ನು ಮುಟ್ಟಿ ಅವನ ಜಾಗದಲ್ಲಿ ನೀನು ನಿಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಚದುರಿ ಬಾಳುವ ನಿನ್ನ ಮಕ್ಕಳನ್ನು ಒಂದೇ ದೇಹವಾಗಿ ಕಾಪಾಡು. ಅಗಲಿದವರಿಗೆ ನಿತ್ಯ ವಿಶ್ರಾಂತಿಯನ್ನೂ ಉಳಿದವರಿಗೆ ಸಾಂತ್ವನವನ್ನೂ ದಯಪಾಲಿಸು. ನಮ್ಮ ಬೇಲಿಗಳ ಆಚೆ ನಿಂತವರಲ್ಲಿ ನಿನ್ನ ಮುಖವನ್ನು ಗುರುತಿಸುವ ಕಣ್ಣನ್ನೂ ಅವರ ಬಳಿಗೆ ನಡೆಯುವ ಕಾಲನ್ನೂ ನಮಗೆ ಕೊಡು. ರೋಗಿಗಳ ಆರೋಗ್ಯವಾದ ಮಾತೆ ಮರಿಯಳೇ, ನಮಗಾಗಿ ಪ್ರಾರ್ಥಿಸು. ಆಮೆನ್.